ಜಮೆ

ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವ ನಾನು.
ಯಾವ ಬೋಟಿಗೆ ಎಷ್ಟು ಬ್ಲಾಕ್ ಹೋಯಿತು, ಬರೆಯುತ್ತೇನೆ.
ದಾರಿಯಲ್ಲಿ ಎಷ್ಟು ಕರಗಿತೆಂದು ಕೇಳುವವರಿಲ್ಲ.
ಕ್ಲಬ್ಬಿನವರು ವನಿತಾಳ ಪುಸ್ತಕವನ್ನೂ
ನನ್ನ ಕೈಗೇ ಕೊಟ್ಟರು:
"ವಿನ್ಸಿಯಣ್ಣ, ನೀವೇ ಬರೆಯಿರಿ,
ನಿಮ್ಮಲ್ಲಿ ಪೈಸೆ ತಪ್ಪುವುದಿಲ್ಲ."

ಹೆಜಮಾಡಿ ಕೋಡಿಯಲ್ಲಿ ನಮ್ಮದು ಒಂದೇ ವಾಲಿಬಾಲ್ ಅಂಕಣ.
ಎರಡು ಕಂಬ, ನಡುವೆ ಹಳೆಯ ರಂಪಣಿ ಬಲೆಯ ತುಂಡು;
ಚೆಂಡು ತಾಗಿದಾಗಲೆಲ್ಲ ಒಣಗಿದ ಬೂತಾಯಿಯ ಹುರುಪೆ
ಮಿನುಗಿ ಉದುರುತ್ತಿತ್ತು.
ಆ ಬಲೆಯ ಮೇಲೆ ಹತ್ತು ವರ್ಷ
ಕರ್ಕೇರರ ಈ ಹುಡುಗಿಯ ಬಲಗೈ ಏಳುವುದನ್ನು
ಕತ್ತು ನೋಯುವವರೆಗೆ ನೋಡಿದ್ದೇವೆ.
ಎದುರಿನವರು ಕೆಲವೊಮ್ಮೆ ಕೂತುಬಿಡುತ್ತಿದ್ದರು, ಸುಮ್ಮನೆ,
ಸಿಡಿಲಿಗೆ ಕೂತ ಹಾಗೆ.

ಭುಜದ ಎಲುಬಿನೊಳಗೆ ಗಡ್ಡೆ, ಎಂದರು ಅತ್ತಾವರದಲ್ಲಿ.
ಎಲುಬು ತೆಗೆದು ಲೋಹ ಕೂರಿಸಬಹುದು. ಮೊದಲು ಔಷಧಿ, ಆರು ಸುತ್ತು.
ಎಲ್ಲ ಸೇರಿ ಹದಿನೆಂಟು ಲಕ್ಷ.
ಅವಳಪ್ಪ, ಬೋಟಿನ ತಾಂಡೇಲ,
ಡಾಕ್ಟರರ ಮೇಜಿನ ಗಾಜಿನ ಮೇಲೆ
ಬೆರಳಿನಿಂದ ಸೊನ್ನೆ ಬರೆದು ಬರೆದು ಎಣಿಸಿದ.

ಹಾಗೆ ಹಗ್ಗ ಹೊರಟಿತು.
ಬಹರೈನಿನ ಶಫೀಕ್ ಹತ್ತು ದಿನಾರ್.
ಜುಬೈಲಿನ ಗ್ಯಾರೇಜಿನಿಂದ ಏಳು ಮಂದಿ ಸೇರಿ
ಮುನ್ನೂರ ನಲವತ್ತು ರಿಯಾಲ್.
ಮಸ್ಕತ್ತಿನಲ್ಲಿ ಯಾರದೋ ಮನೆಗೆಲಸಕ್ಕಿರುವ ಐರಿನ್ ಬಾಯಿ
ತಿಂಗಳ ಸಂಬಳದಲ್ಲಿ ಅರ್ಧ. "ಊರಲ್ಲಿ ಹೇಳಬೇಡಿ."
ದೋಹಾದವರು ಪಾರ್ಕಿಂಗ್ ಜಾಗದಲ್ಲಿ ಸುಣ್ಣದ ಗೆರೆ ಎಳೆದು
ಶುಕ್ರವಾರ ಪಂದ್ಯ ಇಟ್ಟರು;
ಸೋತ ತಂಡವೇ ಹೆಚ್ಚು ಕೊಟ್ಟಿತು.
ದಿನಾರು ಇವತ್ತು ಎಷ್ಟು, ರಿಯಾಲು ಎಷ್ಟು, ಎಂದು
ಬಂಗುಡೆಯ ದರ ಕೇಳಿದ ಹಾಗೆ ಕೇಳುತ್ತಿದ್ದೆ.
ರಂಪಣಿ ಎಳೆಯುವಾಗ ಇನ್ನೊಂದು ತುದಿ
ಯಾರ ಕೈಯಲ್ಲುಂಟೆಂದು ಯಾರೂ ನೋಡುವುದಿಲ್ಲ.
ಭಾರ ಮಾತ್ರ ಗೊತ್ತಾಗುತ್ತದೆ.

ಸಲಾಲದ ಲೀಲಾಧರ ಒಬ್ಬ ಕೇಳಿದ:
"ಗುಣವಾದ ಮೇಲೆ ಆಡ್ತಾಳಾ?"
ಕೇಳಿದ್ದು ತಪ್ಪಲ್ಲ. ಲಕ್ಷ ಕೊಡುತ್ತೇನೆಂದವ.
"ಆಡ್ತಾಳೆ," ಎಂದೆ.
ಆಧಾರವಿಲ್ಲದೆ ನಾನು ಹೇಳಿದ ಒಂದೇ ಲೆಕ್ಕ ಅದು.

ನಾಲ್ಕನೇ ಸುತ್ತಿನ ನಂತರ ಡಾಕ್ಟರು
ಫಿಲ್ಮನ್ನು ಬೆಳಕಿಗೆ ಹಿಡಿದರು, ಇಳಿಸಿದರು.
ಕೈ ಉಳಿಯುವುದಿಲ್ಲ. ಹುಡುಗಿ ಉಳಿಯಬಹುದು.
ಕಾರಿಡಾರಿನಲ್ಲಿ ಚೀಲದೊಳಗಿನ ಪುಸ್ತಕವನ್ನು
ಅಮುಕಿ ಹಿಡಿದು ನಿಂತೆ.
ಕೈಗೆಂದು ಬಂದ ಹಣ ಇದು.
ಈಗ ಯಾವ ಬಾಬ್ತಿಗೆ ಹಾಕಲಿ?

ಆ ರಾತ್ರಿ ಇಪ್ಪತ್ತಾರು ಫೋನು ಮಾಡಿದೆ.
ಐರಿನ್ ಬಾಯಿ ಅತ್ತಳು, ಆಮೇಲೆ
ಉಳಿದರ್ಧವನ್ನೂ ಕಳಿಸಲಾ ಅಂದಳು.
ಶಫೀಕ್ ತುಂಬ ಹೊತ್ತು ಏನೂ ಹೇಳಲಿಲ್ಲ,
ಅವನ ಕೋಣೆಯ ಏಸಿ ಗುರುಗುಡುವುದು ಕೇಳುತ್ತಿತ್ತು.
ಲೀಲಾಧರ ಎತ್ತಲಿಲ್ಲ.

ಬೋಟುಗಳೆಲ್ಲ ಮಳೆಗಾಲಕ್ಕೆ ದಡ ಸೇರಿದ ವಾರ
ಮನೆಗೆ ಬಂದಳು.
ಅಂಗಿಯ ಬಲತೋಳನ್ನು ಅಮ್ಮ ಮಡಚಿ ಪಿನ್ನು ಹಾಕಿದ್ದಳು.
"ಪುಸ್ತಕ ಕೊಡಿ ಇಲ್ಲಿ."
ಪಂದ್ಯಕ್ಕೆ ಮೊದಲು ಎದುರು ತಂಡದ ಪಟ್ಟಿ ನೋಡುವ ಹಾಗೆ
ಹೆಸರು ಹೆಸರೇ ಓದಿದಳು.
"ಪಡುಬಿದ್ರಿಯ ಐದನೇ ನಂಬರಿನವಳು ಕುವೈಟಿನಲ್ಲಾ!
ನನಗೆ ಬಯ್ದಿದ್ದಳು, ಗೊತ್ತುಂಟಾ? ಐದು ಸಾವಿರ!"
ಮತ್ತೆ, "ಯಾರಿಗೂ ರಶೀದಿ ಕೊಟ್ಟಿಲ್ವಾ?"

ಒಂದು ರಶೀದಿಗೆ ಕಾಲು ಗಂಟೆ.
ಎಡಗೈಯಲ್ಲಿ ಪೆನ್ನು ಜಾರುತ್ತಿತ್ತು,
"ರ" ಉರುಳಿ ಗೆರೆಯಾಚೆ ಬೀಳುತ್ತಿತ್ತು.
ನಾನೇ ಬರೆದುಕೊಡುತ್ತೇನೆ ಅಂದೆ.
ತಲೆಯೆತ್ತಿ ಒಂದು ಸಲ ನೋಡಿದಳು.
ಕೂತುಬಿಟ್ಟೆ.

ಲೀಲಾಧರನ ಹೆಸರಿನ ಮುಂದೆ ಮೊತ್ತದ ಜಾಗ ಖಾಲಿ.
"ಎಂತ ಇದು?"
ಹೇಳಬೇಕಾಯಿತು, ಅವನು ಕೇಳಿದ್ದು, ನಾನು ಹೇಳಿದ್ದು.
ಹೊರಗೆ ಬಲೆಯಿಲ್ಲದ ಕಂಬಗಳ ಮೇಲೆ ಕಡಲಗಾಳಿ.
ಅವನಿಗೂ ಒಂದು ಹರಿದಳು, ಓರೆ ಅಕ್ಷರದಲ್ಲಿ:
ಸಂದದ್ದು, ಒಂದು ಪ್ರಶ್ನೆ.
ಷರಾ, ನೋಡುವ.

ನಕಲು ಪ್ರತಿ ನನ್ನಲ್ಲುಂಟು.
ಜಮೆಗೆ ಹಿಡಿದಿದ್ದೇನೆ.